ಅಔ2 ಎಂಬ ಅನಿಲ

ಬೋಧನಾಭ್ಯಾಸದ ಎರಡನೇ ಹಂತಕ್ಕೆ ನನಗೆ ಬಬಲೇಶ್ವರದ ಒಂದು ಪ್ರೌಢಶಾಲೆ ಸಿಕ್ಕಿತು. ಮನೆ ತಿಕೋಟಾದಲ್ಲಿ, ಕಾಲೇಜು ವಿಜಯಪುರದಲ್ಲಿ, ಪಾಠ ಬಬಲೇಶ್ವರದಲ್ಲಿ. ನೇರ ಬಸ್ಸು ತಪ್ಪಿದ ದಿನ ವಿಜಯಪುರಕ್ಕೆ ಹೋಗಿ ಅಲ್ಲಿಂದ ಜಮಖಂಡಿ ಕಡೆಯ ಬಸ್ಸು ಹತ್ತಬೇಕು. ಆಧಾರ್ ಕಾರ್ಡು ತೋರಿಸಿ ಶೂನ್ಯ ದರದ ಚೀಟಿ ಪಡೆದು, ಸೀಟು ಸಿಕ್ಕರೆ ತೊಡೆಯ ಮೇಲೆ ಪಾಠ ಯೋಜನೆಯ ಫೈಲು ಇಟ್ಟುಕೊಂಡು ಓದುವುದು, ಸಿಗದಿದ್ದರೆ ಕಂಬಿ ಹಿಡಿದು ಮನಸ್ಸಿನಲ್ಲೇ ಪೀಠಿಕೆ ಹೇಳಿಕೊಳ್ಳುವುದು. ಎಂಟನೇ ತರಗತಿಗೆ ವಿಜ್ಞಾನ. ಘಟಕ ‘ದಹನ ಮತ್ತು ಜ್ವಾಲೆ’. ತರಗತಿಯಲ್ಲಿ 38 ಮಕ್ಕಳು.

ಪಾಠಗಳು ಒಳ್ಳೆಯದಾಗಿಯೇ ನಡೆದವು. ಕಾಗದದ ಲೋಟದಲ್ಲಿ ನೀರು ಹಾಕಿ ಮೇಣದಬತ್ತಿಯ ಮೇಲೆ ಹಿಡಿದಾಗ ಲೋಟ ಸುಡಲಿಲ್ಲ. ಹಿಂದಿನ ಬೆಂಚಿನವರೆಲ್ಲ ಎದ್ದು ನಿಂತರು. ಉರಿಯುವಾಗ ವಾಸನೆ ಬರುವ ವಸ್ತುಗಳು ಯಾವುವು ಎಂದು ಕೇಳಿದಾಗ ಮೂರನೇ ಬೆಂಚಿನ ಒಬ್ಬ ಹುಡುಗಿ, ಎಂದೂ ಕೈ ಎತ್ತದವಳು, ಮೆಲ್ಲಗೆ ಹೇಳಿದಳು: “ದ್ರಾಕ್ಷಿ ಒಣಗ್ಸೂ ಶೆಡ್ಡಿನ್ಯಾಗ ಗಂಧಕ ಸುಡ್ತಾರ‍್ರೀ ಟೀಚರ್. ಕಣ್ಣ ಉರಿತಾವ್ರೀ.” ನಮ್ಮ ಕಡೆ ದ್ರಾಕ್ಷಿ ಪಡ ಇಲ್ಲದ ಊರೇ ಕಡಿಮೆ. ನಾನೂ ಅದೇ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಬೆಳೆದವಳು, ಆದರೂ ನನ್ನ ಪಾಠ ಯೋಜನೆಯಲ್ಲಿ ಆ ಉದಾಹರಣೆ ಇರಲಿಲ್ಲ. ಅವತ್ತು ಸಂಜೆ ಅದನ್ನು ಪೆನ್ಸಿಲಿನಿಂದ ಬದಿಯಲ್ಲಿ ಬರೆದುಕೊಂಡೆ. ಈ ಹುಡುಗಿಯ ಮಾತು ಮುಂದೆ ಮತ್ತೆ ಬರುತ್ತದೆ.

ತೊಂದರೆ ಬಂದದ್ದು ಪಾಠದಲ್ಲಿ ಅಲ್ಲ, ಫೈಲಿನಲ್ಲಿ. ನಮ್ಮ ಬ್ಯಾಚಿಗೆ ಪಾಠ ಯೋಜನೆ, ಘಟಕ ಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ ಮತ್ತು ಪ್ರಶ್ನೆಪತ್ರಿಕೆಗಳನ್ನು ಬೆರಳಚ್ಚು ಮಾಡಿ ಪಿಡಿಎಫ್ ಆಗಿ ಮಾರ್ಗದರ್ಶಕರಿಗೆ ಕಳಿಸಬೇಕು, ಆಮೇಲೆ ಮುದ್ರಿಸಿ ಫೈಲಿಗೆ ಸೇರಿಸಬೇಕು ಎಂದು ಹೇಳಿದ್ದರು. ಹಿಂದಿನ ಬ್ಯಾಚಿನವರಿಂದ ಒಂದು ನಮೂನೆ ಕೈಯಿಂದ ಕೈಗೆ ಬಂದಿತ್ತು: ಚೌಕಗಳು, ಕಂಬಸಾಲುಗಳು, ಉದ್ದೇಶ, ನಿರ್ದಿಷ್ಟೀಕರಣ, ಬೋಧನಾಂಶ ಎಲ್ಲ ಸಿದ್ಧ. ಅದು ನುಡಿಯಲ್ಲಿ ಮಾಡಿದ್ದು. ಲ್ಯಾಬಿನ ಗಣಕಗಳಲ್ಲಿ ಹಳೆಯ ನುಡಿ ಇತ್ತು, ಜೊತೆಗೆ 2007ರ ವರ್ಡ್. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಗಣಕದ ಬಗ್ಗೆ ಗೊತ್ತಿದ್ದುದು ಬೆರಳಚ್ಚು ಮಾಡುವಷ್ಟು ಮಾತ್ರ. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಸೂತ್ರ ಬಂದಾಗ ಫಾಂಟ್ ಬದಲಿಸು. ಇಷ್ಟೇ ವಿದ್ಯೆ.

ಮೊದಲ ಪಾಠ ಯೋಜನೆ ಮುಗಿಸಿ ‘ಸೇವ್ ಆ್ಯಸ್’ ಒತ್ತಿದೆ. ಪಟ್ಟಿಯಲ್ಲಿ ಪಿಡಿಎಫ್ ಇರಲಿಲ್ಲ. 2007ರ ವರ್ಡ್ ಮೊದಲು ಬಂದಾಗ ಪಿಡಿಎಫ್ ಮಾಡುವ ಸೌಲಭ್ಯ ಅದರೊಳಗೆ ಇರಲಿಲ್ಲ. ಬೇರೆ ಒಂದು ಸಣ್ಣ ಪೂರಕವನ್ನು ಇಳಿಸಿಕೊಂಡು ಹಾಕಬೇಕಿತ್ತು, ಇಲ್ಲವೇ ಆಮೇಲೆ ಬಂದ ಸುಧಾರಿತ ಕಂತನ್ನು ಹಾಕಬೇಕಿತ್ತು. ಇದು ನನಗೆ ಗೊತ್ತಾದದ್ದು ತಿಂಗಳ ನಂತರ. ಆಗ ನಾನು ಮಾಡಿದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ: ಫೈಲಿನ ಹೆಸರಿನ ಕೊನೆಯಲ್ಲಿದ್ದ ಮೂರಕ್ಷರ ಅಳಿಸಿ ‘ಪಿಡಿಎಫ್’ ಎಂದು ನಾನೇ ಟೈಪು ಮಾಡಿದೆ. ಚಿಹ್ನೆ ಬದಲಾಯಿತು. ಆಯಿತಲ್ಲ ಎಂದು ಮಾರ್ಗದರ್ಶಕರಿಗೆ ಕಳಿಸಿದೆ. “ಫೈಲ್ ಹಾಳಾಗಿದೆ, ತೆರೆಯುತ್ತಿಲ್ಲ” ಎಂದು ಉತ್ತರ ಬಂತು. ಜ್ವಾರಿ ಚೀಲದ ಮೇಲೆ ಗೋಧಿ ಎಂದು ಬರೆದರೆ ಒಳಗಿನದು ಗೋಧಿ ಆಗುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ನನಗೆ ಅವತ್ತು ಹೊಳೆಯಲಿಲ್ಲ.

ಎರಡನೇ ಪ್ರಯತ್ನ ಮೊಬೈಲಿನಲ್ಲಿ. ವರ್ಡ್ ಫೈಲನ್ನು ನನಗೇ ವಾಟ್ಸಾಪ್ ಮಾಡಿಕೊಂಡು, ಮೊಬೈಲಿನ ವರ್ಡ್‌ನಲ್ಲಿ ತೆರೆದು, ಪಿಡಿಎಫ್ ಮಾಡಿದೆ. ಈ ಬಾರಿ ಪಿಡಿಎಫ್ ಆಯಿತು. ಆದರೆ ಕನ್ನಡ ಇರಲಿಲ್ಲ. ‘ಪಾಠ ಯೋಜನೆ’ ಎಂಬ ಶೀರ್ಷಿಕೆ ಜಪಾನಿನ ಯೆನ್ ಚಿಹ್ನೆಯಿಂದ ಶುರುವಾಗಿ, ಕೊನೆಯ ‘ನೆ’ ಇರಬೇಕಾದಲ್ಲಿ ಇಂಗ್ಲೆಂಡಿನ ಪೌಂಡ್ ಚಿಹ್ನೆ ಕೂತಿತ್ತು. ಪುಟದ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’ಗಳು. ‘ಅನಿಲ’ ಎಂಬ ಪದದ ಕೊನೆಗೆ ವೃತ್ತದೊಳಗಿನ ‘ಆರ್’, ಕಂಪನಿಗಳ ಹೆಸರಿನ ಮೇಲೆ ಇರುತ್ತದಲ್ಲ, ಅದು. ಗೆಳತಿಯೊಬ್ಬಳು ನೋಡಿ, “ನಿನ್ನ ಪಾಠಾ ವಿದೇಶಕ್ಕ ಹೋಗಿ ರೊಕ್ಕಾ ಗಳಿಸ್ಕೊಂಡ್ ಬಂದೈತಿ ನೋಡು” ಎಂದಳು.

ವಿಜಯಪುರದ ಗಾಂಧಿಚೌಕಿನ ಹತ್ತಿರ ನಾವೆಲ್ಲ ಝೆರಾಕ್ಸ್ ಮಾಡಿಸುವ ಅಂಗಡಿಯ ಅಣ್ಣನಿಗೆ ಅದನ್ನು ತೋರಿಸಿದೆ. ಅವರು ಮದುವೆ ಪತ್ರಿಕೆಯಿಂದ ಹಿಡಿದು ಉತಾರೆಯ ಅರ್ಜಿಯವರೆಗೆ ಇಪ್ಪತ್ತು ವರ್ಷ ಕನ್ನಡ ಟೈಪು ಮಾಡಿದವರು. ನೋಡಿದ ತಕ್ಷಣ ನಕ್ಕರು.

“ತಂಗೀ, ದೊಡ್ಡಾಟ ನೋಡೀಯೇನು?”

“ನೋಡೀನ್ರೀ ಅಣ್ಣಾ.”

“ಬಣ್ಣಾ ಹಚ್ಚಿ ಕಿರೀಟ ಇಟ್ರ ದುರ್ಯೋಧನ. ಬಣ್ಣಾ ತೊಳದ್ರ ನಮ್ಮ ಬಾಜೂ ಮನಿ ಮಾವ. ನುಡಿ ಅಕ್ಷರಾನೂ ಹಂಗ. ಒಳಗ ಇರೋದು ಇಂಗ್ಲಿಷ್ ಗುರುತು, ಫಾಂಟ್ ಅಂಬೂದು ಬಣ್ಣ. ನಿನ್ನ ಮೊಬೈಲಿನ್ಯಾಗ ಆ ಬಣ್ಣದ ಪೆಟಗೀನ ಇಲ್ಲ. ಅದಕ್ಕ ಮಾವ ಹಂಗ ಲುಂಗಿ ಮ್ಯಾಲ ಬಂದು ನಿಂತಾನ.”

ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸದಲ್ಲೂ ನಾನು ಈ ವಿಷಯ ಕೇಳಿಲ್ಲ. ಆಮೇಲೆ ಸ್ವಲ್ಪ ಓದಿಕೊಂಡೆ. ಹಳೆಯ ನುಡಿ, ಬರಹಗಳ ಕಾಲದಲ್ಲಿ ಒಂದು ಫಾಂಟಿನಲ್ಲಿ 256 ಸ್ಥಾನಗಳಷ್ಟೇ ಇರುತ್ತಿದ್ದವು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಹಂಚಿಹೋದವು. ಕನ್ನಡದ ತುಣುಕುಗಳ ಚಿತ್ರವನ್ನು ಆ ಸ್ಥಾನಗಳ ಮೇಲೆ ಕೂಡಿಸಿದರು. ‘ಅ’ ಕೂತದ್ದು ಇಂಗ್ಲಿಷಿನ ‘ಸಿ’ ಇರುವ ಜಾಗದಲ್ಲಿ. ‘ಆ’ ‘ಡಿ’ಯ ಜಾಗದಲ್ಲಿ, ‘ಇ’ ‘ಇ’ಯ ಜಾಗದಲ್ಲಿ (ಇದೊಂದು ಕಾಕತಾಳೀಯ), ‘ಊ’ ‘ಎಚ್’ನ ಜಾಗದಲ್ಲಿ, ‘ಓ’ ‘ಎನ್’ನ ಜಾಗದಲ್ಲಿ, ‘ಔ’ ‘ಓ’ದ ಜಾಗದಲ್ಲಿ. ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಈ ಲೆಕ್ಕದಲ್ಲಿ ಏಳು ಗುರುತು ಬೇಕು: ಅಕ್ಷರದ ಒಡಲು ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗ ಕೊಟ್ಟರು. ಅದರಲ್ಲಿ ‘ಕನ್ನಡ’ ಎಂದರೆ ಐದೇ ಗುರುತು: ಕ, ನ, ವಿರಾಮ, ನ, ಡ. ಎಲ್ಲವೂ ಕನ್ನಡದವೇ. ಬಣ್ಣ ತೊಳೆದರೂ ಕನ್ನಡವೇ.

ಇದನ್ನು ಹೇಳುವಾಗ ನುಡಿಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. 1998ರಲ್ಲಿ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ಸಿದ್ಧಪಡಿಸಿತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನಾವು ಯಾರೂ ಇಷ್ಟು ಸಲೀಸಾಗಿ ಕನ್ನಡ ಒತ್ತುತ್ತಿರಲಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಅದೇ ಕೀಲಿಮಣೆಯೇ ಅಲ್ಲಿಯೂ ನಡೆಯುತ್ತದೆ. ತಪ್ಪು ಹಳೆಯ ಸಲಕರಣೆಯದಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ನಮೂನೆಯನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡವರು ನಾವು.

ಝೆರಾಕ್ಸ್ ಅಣ್ಣ ತಮ್ಮ ಗಣಕದಲ್ಲಿ ಫೈಲು ತೆರೆದು, ಅಲ್ಲಿ ನುಡಿ ಫಾಂಟು ಇದ್ದುದರಿಂದ, ಅಲ್ಲಿಂದಲೇ ಪಿಡಿಎಫ್ ಮಾಡಿಕೊಟ್ಟರು. ಆ ಪಿಡಿಎಫ್ ಎಲ್ಲರ ಮೊಬೈಲಿನಲ್ಲೂ ಸರಿಯಾಗಿ ತೆರೆಯಿತು, ಏಕೆಂದರೆ ಪಿಡಿಎಫ್ ಮಾಡುವಾಗ ಫಾಂಟಿನ ಬೇಕಾದ ತುಣುಕುಗಳು ಫೈಲಿನೊಳಗೇ ಸೇರಿಕೊಳ್ಳುತ್ತವೆ. ಬಣ್ಣದ ಪೆಟ್ಟಿಗೆಯನ್ನೂ ಜೊತೆಗೇ ಗಾಡಿಗೆ ಹಾಕಿ ಕಳಿಸಿದಂತೆ. ನಾನು ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆದರೆ ಪ್ರತಿ ಫೈಲಿಗೂ ಗಾಂಧಿಚೌಕಿಗೆ ಹೋಗುವುದು ಆಗದ ಮಾತು. ಎಲ್ಲವನ್ನೂ ಯೂನಿಕೋಡ್ ಮಾಡಿಬಿಟ್ಟರೆ ಮೊಬೈಲಿನಲ್ಲೇ ಕೆಲಸ ಮುಗಿಯುತ್ತದೆ ಎಂದುಕೊಂಡೆ. ನುಡಿಯ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಒಂದು ಚೌಕದಲ್ಲಿ ಹಳೆಯದನ್ನು ಸುರಿದು ಗುಂಡಿ ಒತ್ತಿದರೆ ಇನ್ನೊಂದು ಚೌಕದಲ್ಲಿ ಹೊಸದು. ಘಟಕ ಪರೀಕ್ಷೆಯ ಹಿಂದಿನ ರಾತ್ರಿ, ತಿಕೋಟಾದ ಮನೆಯಲ್ಲಿ, ಪ್ರಶ್ನೆಪತ್ರಿಕೆಯನ್ನು ಹಾಗೆ ಪರಿವರ್ತಿಸಿದೆ. ಯೆನ್ ಹೋಯಿತು, ಪೌಂಡ್ ಹೋಯಿತು, ತಲೆ ಮೇಲೆ ಗೆರೆ ಹೊತ್ತ ‘ಎ’ಗಳೂ ಹೋದವು. ಕಣ್ಣಿಗೆ ಕಾಣುವುದೆಲ್ಲ ಕನ್ನಡ. ಪಿಡಿಎಫ್ ಮಾಡಲು ಒಮ್ಮೆ ತಕರಾರು ಮಾಡಿತು. ಫೈಲಿನ ಹೆಸರಿನಲ್ಲಿ ದಿನಾಂಕವನ್ನು ಓರೆಗೆರೆ ಹಾಕಿ ಬರೆದಿದ್ದೆ, ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ಓರೆಗೆರೆ ತೆಗೆದು ಅಡ್ಡಗೆರೆ ಹಾಕಿದೆ, ಆಯಿತು. ಇಷ್ಟನ್ನೂ ನಾನೇ ಬಗೆಹರಿಸಿದೆ ಎಂಬ ಹಿಗ್ಗಿನಲ್ಲಿ ಮಲಗಿದೆ. ಬೆಳಿಗ್ಗೆ ಬಬಲೇಶ್ವರದಲ್ಲಿ ಇಳಿದು 38 ಪ್ರತಿ ತೆಗೆಸಿ ಶಾಲೆಗೆ ಹೋದೆ. ವಿಷಯ ಶಿಕ್ಷಕರು ಮೂರು ದಿನ ಮೊದಲೇ ಕೈಬರಹದ ಪ್ರತಿ ನೋಡಿ ಸಹಿ ಮಾಡಿದ್ದರು. ಮುದ್ರಿತ ಪ್ರತಿಯನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ, ನೋಡಿದೆ ಅಷ್ಟೇ.

25 ಅಂಕಗಳ ಪರೀಕ್ಷೆ, 45 ನಿಮಿಷ. ಮಕ್ಕಳು ತಲೆ ತಗ್ಗಿಸಿ ಬರೆದರು. ಯಾರೂ ಒಂದು ಮಾತೂ ಕೇಳಲಿಲ್ಲ. ಎಷ್ಟು ಶಿಸ್ತು ಎಂದು ನನಗೆ ಸಂತೋಷವಾಗಿತ್ತು.

ಅವತ್ತು ರಾತ್ರಿ ಊಟ ಮುಗಿಸಿ ಮೌಲ್ಯಮಾಪನಕ್ಕೆ ಕೂತೆ. ಪಕ್ಕದಲ್ಲಿ ಉತ್ತರಸೂಚಿ, ಕೈಬರಹದ್ದು. ಏಳನೇ ಪ್ರಶ್ನೆ ಮೂರು ಅಂಕದ್ದು: ಇಂಗಾಲದ ಡೈಆಕ್ಸೈಡ್ ಬೆಂಕಿಯನ್ನು ಹೇಗೆ ನಂದಿಸುತ್ತದೆ ಎಂದು ವಿವರಿಸಬೇಕು. ನಾನು ಪ್ರಶ್ನೆಯಲ್ಲಿ ಹೆಸರಿನ ಬದಲು ಸೂತ್ರ ಬಳಸಿದ್ದೆ, ಮಕ್ಕಳು ಸೂತ್ರವನ್ನು ಗುರುತಿಸಲಿ ಎಂದು. ಮೊದಲ ಉತ್ತರಪತ್ರಿಕೆಯಲ್ಲಿ ಆ ಜಾಗ ಖಾಲಿ. ಎರಡನೆಯದರಲ್ಲಿ “ಅಔ2 ಅನಿಲವು” ಎಂದು ಶುರುವಾಗಿತ್ತು. ಇದೇನು ಬರೆದಿದ್ದಾನೆ ಎಂದು ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದೆ. ಮೂರನೆಯದರಲ್ಲೂ ಅಔ2. ಪಕ್ಕದವನನ್ನು ನೋಡಿ ಬರೆದಿದ್ದಾನೆ ಎಂದುಕೊಂಡೆ; ಮತ್ತೆ ಕೆಂಪು. ಹೀಗೆ ಏಳು ಪತ್ರಿಕೆ. ಎಂಟನೆಯದು ಗಂಧಕದ ಹುಡುಗಿಯದು. ಅವಳ ಉತ್ತರ ನನಗೆ ಬಾಯಿಪಾಠ ಬರುತ್ತದೆ: “ಅಔ2 ಅನಿಲವು ಆಮ್ಲಜನಕಕ್ಕಿಂತ ಭಾರ ಇರುವುದರಿಂದ ಬೆಂಕಿಯ ಮೇಲೆ ಕೌದಿ ಹೊದಿಸಿದಂತೆ ಕೂರುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ. ಅದಕ್ಕೆ ಬೆಂಕಿ ಆರುತ್ತದೆ.” ಪಠ್ಯಪುಸ್ತಕದಲ್ಲಿ ಹೊದಿಕೆ ಎಂದಿದೆ. ಕೌದಿ ಅವಳದೇ. ಇಷ್ಟು ತಿಳಿದ ಹುಡುಗಿ ಸೂತ್ರವನ್ನು ಹೀಗೇಕೆ ಬರೆದಳು ಎಂದು ಮೊದಲ ಬಾರಿಗೆ ಅನುಮಾನ ಬಂದು ಪ್ರಶ್ನೆಪತ್ರಿಕೆ ತೆಗೆದು ನೋಡಿದೆ.

ಪ್ರಶ್ನೆಪತ್ರಿಕೆಯಲ್ಲೇ ಅಔ2 ಇತ್ತು.

ಏನಾಗಿತ್ತೆಂದರೆ, ಪರಿವರ್ತಕಕ್ಕೆ ಪಠ್ಯವನ್ನು ಸುರಿದಾಗ ಫಾಂಟಿನ ಗುರುತು ಅಳಿದುಹೋಗುತ್ತದೆ. ಯಾವ ‘ಸಿ’ ಕನ್ನಡದ ‘ಅ’ ಆಗಿ ವೇಷ ಹಾಕಿದ್ದು, ಯಾವ ‘ಸಿ’ ನಿಜವಾಗಿಯೂ ಇಂಗಾಲದ ‘ಸಿ’ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು: ‘ಸಿ’ ಕಂಡಲ್ಲೆಲ್ಲ ‘ಅ’, ‘ಓ’ ಕಂಡಲ್ಲೆಲ್ಲ ‘ಔ’. ಅಂಕಿಗಳನ್ನು ಮುಟ್ಟಲಿಲ್ಲ. ನೀರಿನ ಸೂತ್ರ ಊ2ಔ ಆಗಿತ್ತು. ಅಡುಗೆ ಸೋಡಾದ ಸೂತ್ರ ಓಚಿಊಅಔ3 ಆಗಿ ಒಂದು ಮಂತ್ರದಂತೆ ಕಾಣುತ್ತಿತ್ತು. ಹಿಂದಿನ ರಾತ್ರಿ ನಾನು ಹುಡುಕಿದ್ದು ಯೆನ್ ಮತ್ತು ಪೌಂಡ್‌ಗಳನ್ನು. ಹಳೆಯ ತಪ್ಪು ಇಲ್ಲ ಎಂದು ಖಾತ್ರಿ ಮಾಡಿಕೊಂಡೆ. ಹೊಸ ತಪ್ಪು ಶುದ್ಧ ಕನ್ನಡದ ವೇಷದಲ್ಲಿ ಬಂದಿತ್ತು, ಅದಕ್ಕೆ ಕಣ್ಣು ಅದರ ಮೇಲೆ ನಿಲ್ಲಲಿಲ್ಲ.

ಬಹು ಆಯ್ಕೆಯ ಪ್ರಶ್ನೆ ಇನ್ನೂ ವಿಚಿತ್ರವಾಗಿತ್ತು. ಅಗ್ನಿಶಾಮಕಗಳಲ್ಲಿ ಬಳಸುವ ಅನಿಲ ಯಾವುದು ಎಂದು ಕೇಳಿ ಆಮ್ಲಜನಕ, ಸಾರಜನಕ, ಇಂಗಾಲದ ಡೈಆಕ್ಸೈಡ್, ಜಲಜನಕಗಳ ಸೂತ್ರ ಕೊಟ್ಟಿದ್ದೆ. ಮುದ್ರಣದಲ್ಲಿ ಅವು ಔ2, ಓ2, ಅಔ2, ಊ2. ಇದರಲ್ಲಿ 38ರಲ್ಲಿ 24 ಮಕ್ಕಳು ಸರಿ ಉತ್ತರಕ್ಕೆ ಗುರುತು ಹಾಕಿದ್ದರು! ನನ್ನ ಫಲಿತಾಂಶ ವಿಶ್ಲೇಷಣೆಯಲ್ಲಿ ಅದು ಚೆನ್ನಾಗಿ ಸಾಧಿಸಿದ ಕಲಿಕಾಂಶ ಎಂದು ದಾಖಲಾಗುತ್ತಿತ್ತು.

ಅವತ್ತು ರಾತ್ರಿ ನನಗೆ ಬಂದ ಮೊದಲ ಯೋಚನೆ ಒಳ್ಳೆಯದಲ್ಲ. ಅದನ್ನೂ ಬರೆಯುತ್ತೇನೆ. ಆ ಪುಟವನ್ನು ಸರಿಪಡಿಸಿ ಮತ್ತೆ ಮುದ್ರಿಸಿ ಫೈಲಿಗೆ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಕ್ಕಳಿಗೆ ಆ ಪ್ರಶ್ನೆಗಳಿಗೆ ಪೂರ್ಣ ಅಂಕ ಕೊಟ್ಟರೆ ಅವರೂ ಖುಷಿ. ವಾರ್ಷಿಕ ಪ್ರಾಯೋಗಿಕ ಪರೀಕ್ಷೆಗೆ ಬರುವ ಬಾಹ್ಯ ಪರೀಕ್ಷಕರು ಫೈಲು ತೆರೆದಾಗ ಈ ಪುಟವೇ ಬಿಚ್ಚಿಕೊಳ್ಳಬಾರದಲ್ಲ. ಸರಿಪಡಿಸಿದ ಪುಟವನ್ನು ಮೊಬೈಲಿನಲ್ಲಿ ಸಿದ್ಧ ಮಾಡಿಯೂ ಇಟ್ಟೆ. ಮಲಗುವ ಮೊದಲು ಆ ಏಳು ಪತ್ರಿಕೆಗಳನ್ನು ಮತ್ತೆ ತೆಗೆದೆ, ಕೆಂಪು ಗೆರೆ ಹಾಗೇ ಇತ್ತು. ಪುಟ ಬದಲಿಸಿದರೆ ಆ ಗೆರೆಗಳು ಮಕ್ಕಳ ತಪ್ಪಾಗಿ ಉಳಿಯುತ್ತವೆ. ಪತ್ರಿಕೆ ನೋಡಿದವರು ಯಾರಾದರೂ, ಮಕ್ಕಳಿಗೆ ಸೂತ್ರ ಬರೆಯಲು ಬರುವುದಿಲ್ಲ ಎಂದೇ ತಿಳಿಯುತ್ತಾರೆ.

ಮರುದಿನ ವಿಷಯ ಶಿಕ್ಷಕರಿಗೆ ಹೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. “ಮಕ್ಕಳಿಗೆ ಹೇಳ್ರಿ ಮೊದ್ಲು. ಅಂಕಾ ಆಮ್ಯಾಲೆ ನೋಡೋಣು” ಎಂದರು.

ತರಗತಿಗೆ ಹೋಗಿ ಕಪ್ಪುಹಲಗೆಯ ಮೇಲೆ ಅಔ2 ಎಂದು ಬರೆದೆ. ಇದು ಏನು ಎಂದು ಕೇಳಿದೆ. ಒಂದಿಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ, “ಬೆಂಕಿ ಆರ್ಸೂ ಗ್ಯಾಸ್‌ರೀ” ಎಂದ. ತಪ್ಪು ನನ್ನದು, ಇಂಥ ಅನಿಲವೇ ಇಲ್ಲ ಎಂದು ಹೇಳಿ, ಪಕ್ಕದಲ್ಲಿ ಸರಿಯಾದ ಸೂತ್ರ ಬರೆದೆ. ನನಗೆ ನಿಜವಾಗಿಯೂ ಬೇಕಿದ್ದ ಪ್ರಶ್ನೆ ಇದು: ಪರೀಕ್ಷೆಯ ದಿನ ಯಾರೂ ಯಾಕೆ ಕೇಳಲಿಲ್ಲ?

ಬಂದ ಉತ್ತರಗಳನ್ನು ಅವತ್ತೇ ಬರೆದಿಟ್ಟುಕೊಂಡಿದ್ದೇನೆ. “ಕೇಳಿದ್ರ ನಮಗ ಬರೂದಿಲ್ಲ ಅಂತ ಗೊತ್ತಾಗ್ತದಲ್ರೀ.” “ನಾವು ಗೈರ್ ಇದ್ದಾಗ ಹೇಳಿರ್ಬೇಕಂತ ಸುಮ್ನ ಕುಂತಿವ್ರೀ.” ಗಂಧಕದ ಹುಡುಗಿ ಎಲ್ಲರ ನಂತರ ಹೇಳಿದಳು: “ನೀವು ಪ್ರಿಂಟ್ ಹಾಕ್ಸೀರಿ ಅಂದ್ರ ಖರೇನ ಇರ್ಬೇಕಂತ ತಿಳದ್ನಿರೀ. ಕನ್ನಡದಾಗ ಹಂಗ ಬರೀತಾರೇನೋ ಅಂತ.” ಕೈಬರಹದಲ್ಲಿ ಹಲಗೆಯ ಮೇಲೆ ಹಾಗೆ ಬರೆದಿದ್ದರೆ ಕೇಳುತ್ತಿದ್ದೆಯಾ ಎಂದೆ. “ಹ್ಞೂಂರೀ, ಕೇಳ್ತಿದ್ನಿ” ಎಂದಳು. ಮುದ್ರಿತವಾಗಿದೆ ಎಂಬುದೇ ಅವಳ ಅನುಮಾನವನ್ನು ಅಡಗಿಸಿತ್ತು.

ಬಹು ಆಯ್ಕೆ ಪ್ರಶ್ನೆಯ ಗುಟ್ಟೂ ಹೊರಬಂತು. ಒಬ್ಬ ಹುಡುಗ ಯಾವ ಸಂಕೋಚವೂ ಇಲ್ಲದೆ ವಿವರಿಸಿದ: “ಉಳಿದವು ಮೂರೂ ಒಂದೊಂದ ಅಕ್ಷರದ್ದು ಇದ್ದುವ್ರೀ. ಅದೊಂದು ಉದ್ದ ಇತ್ತು. ಬ್ಯಾರೆ ಥರಾ ಇದ್ದದ್ದ ಕರೆಕ್ಟ್ ಇರ್ತೈತ್ರೀ ಯಾವಾಗ್ಲೂ.” ಅರ್ಧ ತರಗತಿ ತಲೆಯಾಡಿಸಿತು. ಮೌಲ್ಯಮಾಪನದ ಪತ್ರಿಕೆಯಲ್ಲಿ ಆಯ್ಕೆಗಳು ಉದ್ದದಲ್ಲಿ ಸಮನಾಗಿರಬೇಕು, ಸರಿ ಉತ್ತರ ಎದ್ದು ಕಾಣಬಾರದು ಎಂದು ಓದಿ ಎರಡು ಅಂಕಕ್ಕೆ ಉತ್ತರ ಬರೆದಿದ್ದೆ. ಅದು ಯಾಕೆ ಎಂದು ತಿಳಿದದ್ದು ಇಲ್ಲಿ. ನಿಜವಾದ ಸೂತ್ರಗಳು ಸರಿಯಾಗಿ ಮುದ್ರಣವಾಗಿದ್ದರೂ ಆ ಹುಡುಗ ಅದನ್ನೇ ಆರಿಸುತ್ತಿದ್ದ, ಮತ್ತು ನಾನು ಅವನಿಗೆ ವಿಷಯ ತಿಳಿದಿದೆ ಎಂದೇ ನಂಬುತ್ತಿದ್ದೆ. ಹಾಗಾಗಿ ಆ ಪ್ರಶ್ನೆಯ ಮಟ್ಟಿಗೆ ಪರಿವರ್ತಕವನ್ನು ದೂರುವಂತೆಯೂ ಇಲ್ಲ, ಪ್ರಶ್ನೆಯೇ ಕುಂಟಾಗಿತ್ತು.

ಅಂಕದ ವಿಷಯದಲ್ಲಿ ವಿಷಯ ಶಿಕ್ಷಕರಿಗೂ ನನಗೂ ಸ್ವಲ್ಪ ಚರ್ಚೆ ಆಯಿತು. ಎಲ್ಲರಿಗೂ ಪೂರ್ಣ ಅಂಕ ಕೊಡಿ, ತಪ್ಪು ನಮ್ಮದಲ್ಲವೇ ಎಂಬುದು ಅವರ ಅಭಿಪ್ರಾಯ. ರಾಜ್ಯಮಟ್ಟದ ಪರೀಕ್ಷೆಗಳಲ್ಲೂ ತಪ್ಪು ಪ್ರಶ್ನೆಗೆ ಕೃಪಾಂಕ ಕೊಡುವುದಿದೆಯಲ್ಲ ಎಂದರು. ನನಗೆ ಕೌದಿಯ ಉತ್ತರ ಕಣ್ಣ ಮುಂದಿತ್ತು. ಖಾಲಿ ಬಿಟ್ಟವರಲ್ಲೂ ಉತ್ತರ ಗೊತ್ತಿದ್ದವರು ಇದ್ದಾರೆ, ಗೊತ್ತಿಲ್ಲದವರೂ ಇದ್ದಾರೆ. ಎಲ್ಲರಿಗೂ ಮೂರು ಕೊಟ್ಟರೆ ಯಾರಿಗೆ ಪರಿಹಾರ ಬೋಧನೆ ಬೇಕು ಎಂದು ನನಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವರು ಒಪ್ಪಿ ಮಧ್ಯಾಹ್ನದ ತಮ್ಮ ಅವಧಿಯಲ್ಲಿ ಹದಿನೈದು ನಿಮಿಷ ಬಿಟ್ಟುಕೊಟ್ಟರು. ಹಾಳಾದ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಮತ್ತೆ ಉತ್ತರ ಬರೆಸಿದೆ. ಮೊದಲಿನ ಮತ್ತು ಈಗಿನ ಅಂಕಗಳಲ್ಲಿ ಹೆಚ್ಚಿನದನ್ನು ಕೊಟ್ಟೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಈ ಸಲ ಅನಿಲಗಳ ಹೆಸರು ಕೊಟ್ಟು ಸೂತ್ರ ಬರೆಯಲು ಹೇಳಿದೆ. 24 ಇದ್ದದ್ದು 15ಕ್ಕೆ ಇಳಿಯಿತು. ನನಗೆ ನೋವಾಯಿತು, ಆದರೆ ಆ ಮಕ್ಕಳಿಗೆ ಇನ್ನೊಂದು ದಿನ ಕೂತು ಸೂತ್ರ ಕಲಿಸಬೇಕು ಎಂದು ತಿಳಿದದ್ದು ಆ 15ರಿಂದ. ಕೆಂಪು ಗೆರೆ ಎಳೆದಿದ್ದ ಏಳು ಪತ್ರಿಕೆಗಳ ಮೇಲೂ ‘ನನ್ನ ತಪ್ಪು’ ಎಂದು ಬರೆದು ಸಹಿ ಮಾಡಿ ಅರ್ಧ ಅಂಕ ಹಿಂದಕ್ಕೆ ಕೊಟ್ಟೆ. ಒಬ್ಬ ಹುಡುಗ ಆ ಪತ್ರಿಕೆಯನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದ, ಅವ್ವಗೆ ತೋರಿಸಲಂತೆ. ಟೀಚರ್ ತಪ್ಪು ಒಪ್ಪಿಕೊಂಡದ್ದಕ್ಕೆ ಅವನಿಗೆ ಸಾಕ್ಷಿ ಬೇಕಿತ್ತು.

ಫೈಲಿನಲ್ಲಿ ಮೂಲ ಪ್ರಶ್ನೆಪತ್ರಿಕೆಯನ್ನೇ ಇಟ್ಟೆ, ಅಔ2 ಸಮೇತ. ಅದರ ಹಿಂದೆ ಮರುಪರೀಕ್ಷೆಯ ಪುಟ, ಎರಡೂ ಅಂಕಪಟ್ಟಿ. ಮಾರ್ಗದರ್ಶಕರು ಬದಿಯಲ್ಲಿ ಬರೆದ ಷರಾ ಒಂದೇ ಸಾಲಿನದು: ಪ್ರಶ್ನೆಪತ್ರಿಕೆಯನ್ನು ಮುದ್ರಿಸಿದ ಮೇಲೆ ಪ್ರಶಿಕ್ಷಣಾರ್ಥಿ ಸ್ವತಃ ಕೂತು ಉತ್ತರಿಸಿ ನೋಡತಕ್ಕದ್ದು. ಬೇರೆ ಏನೂ ಬರೆಯಲಿಲ್ಲ. ಅಂಕ ಎಷ್ಟು ಕಳೆದರು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ.

ಮುಂದಿನ ಬ್ಯಾಚಿನವರಿಗೆ ಆ ನುಡಿ ನಮೂನೆ ಮತ್ತೆ ಕೈಸೇರುತ್ತದೆ ಎಂದು ಗೊತ್ತಿರುವುದರಿಂದ ನಾನು ಈಗ ಏನು ಮಾಡುತ್ತೇನೆ ಎಂದು ಹೇಳಿಬಿಡುತ್ತೇನೆ. ಹೊಸದಾಗಿ ಟೈಪು ಮಾಡುವುದೆಲ್ಲ ಯೂನಿಕೋಡ್‌ನಲ್ಲೇ. ವಿಂಡೋಸ್‌ನಲ್ಲಿ ನಿರ್ಮಲ ಫಾಂಟು ಬಂದೇ ಇರುತ್ತದೆ. ಮೊಬೈಲಿನ ಕೀಲಿಮಣೆ ಒತ್ತುವುದೂ ಯೂನಿಕೋಡೇ. ಹಳೆಯ ಫೈಲನ್ನು ಪರಿವರ್ತಿಸಲೇಬೇಕಾದರೆ ಮೊದಲು ಅದರಲ್ಲಿನ ಪ್ರತಿ ಸೂತ್ರ, ಪ್ರತಿ ಇಂಗ್ಲಿಷ್ ಪದದ ಜಾಗದಲ್ಲಿ 901, 902, 903 ಎಂದು ಅಂಕಿ ಹಾಕಿ, ಯಾವ ಅಂಕಿ ಯಾವುದಕ್ಕೆ ಎಂದು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಪರಿವರ್ತಕ ಅಂಕಿಗಳನ್ನು ಮುಟ್ಟುವುದಿಲ್ಲವಲ್ಲ. ಪರಿವರ್ತನೆ ಮುಗಿದ ಮೇಲೆ ಒಂದೊಂದಾಗಿ ಸೂತ್ರಗಳನ್ನು ವಾಪಸ್ಸು ಕೂಡಿಸುವುದು. ಬೇಸರದ ಕೆಲಸ, ಆದರೆ ಒಂದು ಪತ್ರಿಕೆಗೆ ಹತ್ತು ನಿಮಿಷ ಹಿಡಿಯುತ್ತದೆ ಅಷ್ಟೇ. ನುಡಿ ಫೈಲನ್ನು ಹಾಗೆಯೇ ಪಿಡಿಎಫ್ ಮಾಡಬೇಕಾದರೆ ಆ ಫಾಂಟು ಇರುವ ಗಣಕದಲ್ಲೇ ಮಾಡಬೇಕು. ಪಿಡಿಎಫ್ ಆಯ್ಕೆ ಇಲ್ಲದ ಹಳೆಯ ವರ್ಡ್ ಇದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಹಾಕಿಕೊಳ್ಳಬಹುದು, ಅದರಲ್ಲಿ ಪಿಡಿಎಫ್‌ಗೆ ನೇರ ಗುಂಡಿಯೇ ಇದೆ. ಆದ ಪಿಡಿಎಫ್‌ನಲ್ಲಿ ಫಾಂಟು ಸೇರಿದೆಯೋ ಇಲ್ಲವೋ ನೋಡಲು ಅಡೋಬಿ ರೀಡರಿನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಎಂಬ ಪುಟ ನೋಡಿ; ಫಾಂಟಿನ ಹೆಸರಿನ ಮುಂದೆ ಎಂಬೆಡೆಡ್ ಎಂದಿದ್ದರೆ ಪೆಟ್ಟಿಗೆ ಗಾಡಿ ಹತ್ತಿದೆ ಎಂದರ್ಥ. ಇಷ್ಟಾದ ಮೇಲೂ ಕಳಿಸುವ ಮೊದಲು ಬೇರೆಯವರ ಮೊಬೈಲಿನಲ್ಲಿ ಒಮ್ಮೆ ತೆರೆಸುತ್ತೇನೆ. ನನ್ನ ಮೊಬೈಲಿನಲ್ಲಿ ಸರಿ ಕಂಡದ್ದನ್ನು ನಾನು ಈಗ ನಂಬುವುದಿಲ್ಲ. ಸಾಮಾನ್ಯವಾಗಿ ಈ ಪರೀಕ್ಷೆಗೆ ಸಿಗುವವನು ನನ್ನ ತಮ್ಮ, ಅವನಿಗೆ ಸೂತ್ರ ಗೀತ್ರ ಏನೂ ಗೊತ್ತಿಲ್ಲ. ಅದಕ್ಕೇ ಜೋರಾಗಿ ಓದಿಸುತ್ತೇನೆ. ಅವನು ಎಡವಿದಲ್ಲಿ ನಾನು ನಿಲ್ಲುತ್ತೇನೆ.

ಬಬಲೇಶ್ವರದ ಕೊನೆಯ ದಿನ ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಿಸಿದೆ. ಗಾಜಿನ ಲೋಟದಲ್ಲಿ ಅಡುಗೆ ಸೋಡಾ ಹಾಕಿ ಲಿಂಬೆಹಣ್ಣು ಹಿಂಡಿದೆ. ನೊರೆ ಎದ್ದು ಕೂತ ಮೇಲೆ ಲೋಟವನ್ನು ಉರಿಯುವ ಮೇಣದಬತ್ತಿಯ ಮೇಲೆ ಮೆಲ್ಲಗೆ ಓರೆ ಮಾಡಿದೆ, ದ್ರವ ಬೀಳದಂತೆ. ಕಣ್ಣಿಗೆ ಏನೂ ಕಾಣಲಿಲ್ಲ, ಬತ್ತಿ ಆರಿತು. “ಅಔ2!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು, ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಗಂಧಕದ ಹುಡುಗಿ ಎದ್ದು ಹಲಗೆಯ ಹತ್ತಿರ ಬಂದು, ಸುಣ್ಣದಕಡ್ಡಿ ಕೇಳಿ ತೆಗೆದುಕೊಂಡು, ಸರಿಯಾದ ಸೂತ್ರವನ್ನು ಬರೆದಳು. ಎರಡರ ಅಂಕಿಯನ್ನು ಸ್ವಲ್ಪ ಕೆಳಗೆ, ಸಣ್ಣದಾಗಿ.